ಅರ್ಧ ಹಾಡಿನ ಬಾಕಿ

೧. ಮಫ್ಲರ್ ಸುತ್ತಿದ ರೋಗಿ

"ಅಜನಿಯ ರೇಲ್ವೆ ಕ್ವಾರ್ಟರ್ಸಿಗೆ ಯಾವ ಕಡೆ ಹೋಗಬೇಕು?" ಎಂದು ನಾಗಪುರದ ಗಾಂಧಿಬಾಗಿನ ನಾಲ್ಕನೆಯ ಗಲ್ಲಿಯಲ್ಲಿ ನಾಲ್ಕನೆಯ ಬಾರಿ ಕೇಳಿದೆ. ಕೇಳಿದ್ದು ಒಬ್ಬ ಸೀರೆ ವ್ಯಾಪಾರಿಯನ್ನು. ಆತ ನನ್ನ ಮುಖ ನೋಡಲಿಲ್ಲ. ನನ್ನ ಹೆಗಲಿಗೆ ಒರಗಿದ್ದ ಗಂಟನ್ನು ನೋಡಿದ.

ದಾರಿ ತಪ್ಪುವುದು ನನಗೆ ಹೊಸದಲ್ಲ. ರಂಗೂನಿನಲ್ಲಿ ತಪ್ಪಿದ್ದೇನೆ, ಕೊಲಂಬೋದಲ್ಲಿ ತಪ್ಪಿದ್ದೇನೆ, ಜಾಂಜೀಬಾರಿನಲ್ಲಿ ಒಂದೇ ಗಲ್ಲಿಯನ್ನು ಮೂರು ಸಲ ಸುತ್ತಿ ಅದೇ ಮನೆಯಲ್ಲಿ ಮೂರು ಸಲ ನೀರು ಕುಡಿದಿದ್ದೇನೆ. ಆ ಊರುಗಳ ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವುದು ನನ್ನ ಉದ್ಯೋಗವಾಗಿತ್ತು. ಯಾರಿಗಾದರೂ ಏನನ್ನಾದರೂ ಕಲಿಸಬೇಕೆಂದು ನಾನು ಹೊರಟ ದಿನವೇ ಇಂಥದ್ದು ಆಗುತ್ತದೆ. ಸುಮ್ಮನೆ ಕೂತ ದಿನ ಏನೂ ಆಗುವುದಿಲ್ಲ. ಸುಮ್ಮನೆ ಕೂಡಲು ನನಗೆ ಬರುವುದಿಲ್ಲ, ಅದೊಂದೇ ತೊಂದರೆ.

ಗಂಟಿನಲ್ಲಿದ್ದದ್ದು ಒಂದು ಹಳೆಯ ತಂಬೂರಿ. ಅಕ್ಕನ ಮಕ್ಕಳಿಗೆ ಸಂಗೀತ ಹೇಳಿಸಬೇಕೆಂದು ಆಗಷ್ಟೇ ಕೊಂಡಿದ್ದೆ. ಬುರುಡೆಗೆ ಪೆಟ್ಟಾಗದಿರಲಿ ಎಂದು ಅಂಗಡಿಯವ ಕಂಬಳಿ ಸುತ್ತಿದ್ದ, ಬಿರಟೆಗಳು ಮುರಿಯದಿರಲಿ ಎಂದು ತುದಿಗೆ ಒಂದು ಮಫ್ಲರ್ ಸುತ್ತಿದ್ದ. ಒಟ್ಟಿನಲ್ಲಿ ದೊಡ್ಡ ಹೊಟ್ಟೆ, ಸಣಕಲು ಕತ್ತು, ಮಫ್ಲರಿನೊಳಗೆ ತಲೆ. ಇದು ನನಗೆ ಹೊಳೆದದ್ದು ಆಮೇಲೆ.

"ವಯಸ್ಸೆಷ್ಟು?" ಎಂದು ವ್ಯಾಪಾರಿ ಮರಾಠಿಯಲ್ಲಿ ಮೆಲ್ಲಗೆ ಕೇಳಿದ.

"ಮೂವತ್ತಾದರೂ ಆಗಿರಬೇಕು."

"ಅರೇರೇ. ನೋಡಿದರೆ ಮಗುವಿನ ಹಾಗೆ ಹಗುರ."

"ಒಳಗೆ ಏನೂ ಇಲ್ಲವಲ್ಲ, ಪೂರ್ತಿ ಟೊಳ್ಳು. ಯಾರೋ ಎರಡು ಸಲ ಕೆಳಗೆ ಬೀಳಿಸಿದ್ದಾರಂತೆ."

ವ್ಯಾಪಾರಿ ಕಣ್ಣು ಮುಚ್ಚಿಕೊಂಡು ದೇವರ ಹೆಸರು ಹೇಳಿದ. ಆಮೇಲೆ ಗದ್ದುಗೆಯಿಂದ ಇಳಿದು ಬಂದು ತಾನೇ ಟಾಂಗಾ ಕರೆದ, ಟಾಂಗಾದವನ ಕಿವಿಯಲ್ಲಿ ಏನೋ ಹೇಳಿದ. ಊರಿನ ಜನ ಎಷ್ಟು ಒಳ್ಳೆಯವರು ಎಂದುಕೊಂಡೆ. ಟಾಂಗಾದವ ಕುದುರೆಯನ್ನು ಹೆಜ್ಜೆ ಎಣಿಸುವಂತೆ ನಡೆಸಿದ, ತಗ್ಗು ಬಂದಾಗಲೆಲ್ಲ ತಿರುಗಿ "ಬಾಯಿ, ತಲೆ ಹಿಡಕೊಳ್ಳಿ" ಎಂದ. ಆ ಕಡೆ ಹೆಂಗಸರನ್ನು ಕರೆಯುವುದೇ ಬಾಯಿ ಎಂದು. ಬಿರಟೆಯ ಬಗ್ಗೆ ಇಷ್ಟು ಕಾಳಜಿಯೇ ಎಂದು ನಾನು ಹಿಡಿದುಕೊಂಡೆ.

ಟಾಂಗಾ ನಿಂತದ್ದು ದವಾಖಾನೆಯ ಬಾಗಿಲಲ್ಲಿ. ನಾನು ಬಾಯಿ ತೆರೆಯುವುದರೊಳಗೆ ಇಬ್ಬರು ಸ್ಟ್ರೆಚರ್ ತಂದು ತಂಬೂರಿಯನ್ನು ಮಲಗಿಸಿ ಒಳಗೆ ಒಯ್ದರು. ಕಂಪೌಂಡರು ವಯಸ್ಸು ಕೇಳಿಕೊಂಡು ರಜಿಸ್ಟರಿನಲ್ಲಿ ಬರೆದು, ಆಮೇಲೆ ಕಂಬಳಿ ಎತ್ತಿದರು. ಬಹಳ ಹೊತ್ತು ನೋಡಿದರು. ಬೆರಳಿನಿಂದ ಬುರುಡೆಯನ್ನು ಎರಡು ಸಲ ತಟ್ಟಿ ಕಿವಿಗೊಟ್ಟರು. ನಕ್ಕಾರು ಎಂದು ಕಾದೆ. ಅವರು ನಗಲಿಲ್ಲ.

"ಬರೆದದ್ದನ್ನು ಹೊಡೆದು ಹಾಕಲು ನಮಗೆ ಅಧಿಕಾರ ಇಲ್ಲ ಬಾಯಿ," ಎಂದರು. 'ಪ್ರಕೃತಿ ಸುಧಾರಿಸಿದೆ, ಸಂಬಂಧಿಕರು ಮನೆಗೆ ಕರೆದೊಯ್ದರು' ಎಂದು ಮುಂದೆ ಬರೆದು ನನ್ನ ಸಹಿ ತೆಗೆದುಕೊಂಡರು.

೨. ಪತ್ರ, ಪರದೆ ಮತ್ತು ಒಂದು ಆಣೆ

ಇಷ್ಟೆಲ್ಲ ಅವಸರಕ್ಕೆ ಕಾರಣ ಧಾರವಾಡದಿಂದ ಬಂದ ಒಂದು ಪತ್ರ.

ಬರೆದವರು ಅಕ್ಕನ ಮಾವ. ಸಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು. ನಿವೃತ್ತರಾಗಿದ್ದು ಸಾಲೆಯಿಂದ ಮಾತ್ರ. ಅಕ್ಕನ ಗಂಡ ರೇಲ್ವೆಯಲ್ಲಿ ಗಾರ್ಡು. ಹುಬ್ಬಳ್ಳಿಯಿಂದ ನಾಗಪುರಕ್ಕೆ ವರ್ಗವಾಗಿ ಎಂಟು ವರ್ಷವಾಗಿತ್ತು. ಎರಡು ಹೆಣ್ಣುಮಕ್ಕಳು, ದೊಡ್ಡಾಕಿಗೆ ಒಂಬತ್ತು, ಸಣ್ಣಾಕಿಗೆ ಆರು. ಹಿಂದಿನ ರಜೆಯಲ್ಲಿ ಧಾರವಾಡಕ್ಕೆ ಹೋದಾಗ ಇವರು ತಮ್ಮ ಅವ್ವನಿಗೆ ಮರಾಠಿಯಲ್ಲಿ "ಆಯಿ" ಎಂದದ್ದನ್ನೂ, "ಅಜ್ಜಾ, ಜಲ್ದಿ ಚಲಾ" ಎಂದದ್ದನ್ನೂ ಮಾಸ್ತರರು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದರು. ಪತ್ರದಲ್ಲಿ ಹೀಗಿತ್ತು: ದಸರಾಕ್ಕೆ ಬರುತ್ತೇನೆ. ಹುಡುಗರಿಗೆ ಕನ್ನಡದ ಹಾಡು ಕಥೆ, ನಮ್ಮ ರೀತಿ ಸಂಸ್ಕಾರ ಏನು ಬಂದಿದೆ ನೋಡುತ್ತೇನೆ. ಏನೂ ಬಂದಿಲ್ಲವಾದರೆ ದೊಡ್ಡಾಕಿಯನ್ನು ನನ್ನ ಸಂಗಡ ಧಾರವಾಡಕ್ಕೆ ಕರೆದುಕೊಂಡು ಹೋಗುತ್ತೇನೆ. ಇಲ್ಲೇ ಬೆಳೆಯಲಿ.

ಅವರು ಹೇಳಿದರೆ ಮಾಡುವವರು. ಭಾವನವರು ತಂದೆಯೆದುರು ಕುರ್ಚಿಯಲ್ಲಿ ಕೂತವರೇ ಅಲ್ಲ. ಅಕ್ಕ ನನಗೆ ಪತ್ರ ಹಾಕಿದಳು. ನಾನು ಆಗ ಮುಂಬಯಿಯಲ್ಲಿ ಮುಂದಿನ ಹಡಗು ಯಾವುದು ಎಂದು ವಿಚಾರಿಸುತ್ತಿದ್ದೆ.

"ನೀ ಊರೂರು ಹುಡುಗರಿಗೆ ಕಲಿಸೀಯಲ್ಲ," ಎಂದಳು ನಾನು ಬಂದಿಳಿದ ದಿನ. ಅಳುತ್ತಿರಲಿಲ್ಲ, ಅಕ್ಕಿ ಆರಿಸುತ್ತಿದ್ದಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದಳು. "ಎರಡು ತಿಂಗಳೈತಿ. ಏನರ ಮಾಡು."

"ನೀನ ಒಂದು ಹಾಡು ಕಲಿಸಬಾರದೇನು?"

ಅಕ್ಕ ನನ್ನನ್ನು ನೋಡಿದಳು. ನಾನು ಕಿಟಕಿ ನೋಡಿದೆ.

ಇದಕ್ಕೊಂದು ಹಿನ್ನೆಲೆ ಇದೆ. ಹದಿನೈದು ವರ್ಷದ ಹಿಂದೆ ಈ ಮಾಸ್ತರರೇ ಹೆಣ್ಣು ನೋಡಲು ನಮ್ಮ ಮನೆಗೆ ಬಂದಿದ್ದರು. ಹುಡುಗಿಗೆ ಹಾಡು ಬರಬೇಕು ಎಂಬುದು ಅವರ ಒಂದೇ ಕರಾರು. ಅಕ್ಕನಿಗೆ ಹಾಡು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಅವ್ವ ಒಂದು ಯೋಜನೆ ಮಾಡಿದಳು: ಅಕ್ಕ ಪರದೆಯ ಮುಂದೆ ಕೂತು ತುಟಿ ಆಡಿಸಬೇಕು, ನಾನು ಪರದೆಯ ಹಿಂದೆ ನಿಂತು ಹಾಡಬೇಕು. ಅರ್ಧದ ತನಕ ಎಲ್ಲ ಬರೋಬರ್ ನಡೆಯಿತು. ಅಲ್ಲಿ ನಾನು ಪರದೆಯ ಸಂದಿಯಿಂದ ಇಣುಕಿದೆ. ಅಕ್ಕನ ತುಟಿಗಳು ಹೆದರಿಕೆಗೆ ಹಾಡಿಗಿಂತ ಎರಡು ಸಾಲು ಮುಂದೆ ಓಡುತ್ತಿದ್ದವು. ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ತುರುಕಿಕೊಂಡು ಹಿಂಬಾಗಿಲಿನಿಂದ ಓಡಿ, ಪಕ್ಕದವರ ಹಿತ್ತಿಲ ಗೋಡೆ ಹಾರಿದೆ. ಅಂದು ಶುರುವಾದ ಓಡಾಟ ಜಾಂಜೀಬಾರಿನ ತನಕ ಹೋಯಿತು ಎಂದು ಅವ್ವ ಹೇಳುತ್ತಿದ್ದಳು.

ಅಕ್ಕನ ತುಟಿ ಮಾತ್ರ ಇನ್ನೂ ಸ್ವಲ್ಪ ಹೊತ್ತು ಆಡುತ್ತಲೇ ಇತ್ತಂತೆ. ಮಾಸ್ತರರು ಕೆಮ್ಮಿ, "ಸಾಕು, ಹುಡುಗಿ ಪಸಂದ ಬಂತು" ಎಂದರಂತೆ. ಅವರಿಗೆ ಗೊತ್ತಾಯಿತೋ ಇಲ್ಲವೋ ಎಂಬುದು ನಮ್ಮಿಬ್ಬರಿಗೂ ಅಂದಿನ ತನಕ ಗೊತ್ತಿರಲಿಲ್ಲ. ಮದುವೆಯಾದ ಮೇಲೆ ಹಾಡು ಎಂದವರಿಗೆಲ್ಲ ಅಕ್ಕ "ಗಂಟಲು ಕೆಟ್ಟದ" ಎಂದು ಹೇಳುತ್ತ ಬಂದಿದ್ದಳು. ಹದಿನೈದು ವರ್ಷ ಕೆಟ್ಟ ಗಂಟಲು.

ದೊಡ್ಡಾಕಿಯನ್ನು ಕೂಡಿಸಿಕೊಂಡು ಅಜ್ಜನ ಮುಂದೆ ಹಾಡಬೇಕೆಂದೆ. ಆಕೆಗೆ ಪತ್ರದ ವಿಷಯ ಪೂರ್ತಿ ಗೊತ್ತಿತ್ತು. ಧಾರವಾಡಕ್ಕೆ ಹೋಗಲು ಸುತರಾಂ ಮನಸ್ಸಿರಲಿಲ್ಲ. ಚಿಕ್ಕಮ್ಮನಾದ ನನ್ನನ್ನೂ ಮಕ್ಕಳು ಮರಾಠಿಯಂತೆ ಮೌಶಿ ಎನ್ನುತ್ತಿದ್ದರು.

"ಮೌಶಿ, ನೀ ಹಾಡ್ತೀಯೇನು, ಎಲ್ಲಾರ ಮುಂದ?"

"ನಾ ಯಾಕ ಹಾಡಲಿ? ಪರೀಕ್ಷಾ ನಿಂದು."

"ನಾ ಒಂದು ಹಾಡಿದ್ರ ನೀನೂ ಒಂದು ಹಾಡಬೇಕು. ಆಣಿ ಮಾಡು."

ಮಕ್ಕಳು ಕೊಡಿಸಿಕೊಂಡ ಮಾತನ್ನು ಮರೆಯುತ್ತಾರೆ ಎಂಬುದು ಮೂರು ದೇಶಗಳಲ್ಲಿ ನಾನು ಕಂಡುಕೊಂಡ ಸತ್ಯ. ಆಣೆ ಮಾಡಿದೆ. ಸಣ್ಣಾಕಿ ಹೋಗಿ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆದು ಬಂದಳು. "ಯಾಕವ್ವಾ ಇದು?" ಎಂದೆ.

"ಮರೀಬಾರದಂತ," ಎಂದಳು. ನಾಲ್ಕನೆಯ ದೇಶಕ್ಕೆ ನಾನು ತಯಾರಾಗಿರಲಿಲ್ಲ.

೩. ಐದರ ಪ್ಯಾಸೆಂಜರ್

ಹಾಡು ಹೇಳಿಕೊಡಲು ಹಾರ್ಮೋನಿಯಂ ನುಡಿಸುವ ಒಬ್ಬ ಪೇಟೀ ಮಾಸ್ತರರನ್ನು ಗೊತ್ತು ಮಾಡಿದೆ. ಮರಾಠಿ ಮನುಷ್ಯ, ಆದರೆ ಮಿರಜಿನಲ್ಲಿ ಕಲಿತಿದ್ದರಿಂದ ಕನ್ನಡದ ಪದಗಳು ಬರುತ್ತಿದ್ದವು. ಶಿಸ್ತಿನವರು. ಸರಿಯಾಗಿ ನಾಲ್ಕೂವರೆಗೆ ಬಂದು, ಟೋಪಿ ತೆಗೆದು ಪೇಟಿಯ ಮೇಲಿಟ್ಟು ಶುರು ಮಾಡಿದರೆ ಐದೂವರೆಯ ತನಕ ತಲೆ ಎತ್ತುತ್ತಿರಲಿಲ್ಲ.

ಕ್ವಾರ್ಟರ್ಸಿನ ಹಿಂದೆಯೇ ಹಳಿ. ಐದಕ್ಕೆ ಪ್ಯಾಸೆಂಜರ್ ಗಾಡಿ ಹೋಗುತ್ತಿತ್ತು. ಅದು ಹೋಗುವಾಗ ಗೋಡೆಯ ಮೇಲಿನ ದೇವರ ಪಟಗಳು ನಡುಗುತ್ತಿದ್ದವು, ಅಡುಗೆಮನೆಯ ತಾಟುಗಳು ತಾವೇ ತಾಳ ಹಾಕುತ್ತಿದ್ದವು. ಎರಡು ನಿಮಿಷ ಯಾರಿಗೂ ಯಾರ ಮಾತೂ ಕೇಳುತ್ತಿರಲಿಲ್ಲ. ಪೇಟೀ ಮಾಸ್ತರರು ಆ ಎರಡು ನಿಮಿಷ ಪೇಟಿಯಿಂದ ಕೈ ಎತ್ತಿ, ಬೆರಳಲ್ಲಿ ಮಾತ್ರ ತಾಳ ಎಣಿಸುತ್ತ, ಗಾಡಿ ಹೋದ ಮೇಲೆ ಬಿಟ್ಟ ಜಾಗದಿಂದ ಎತ್ತಿಕೊಳ್ಳುತ್ತಿದ್ದರು. ದಿನವೂ ಅದೇ ಹಾಡು, ದಿನವೂ ಅದೇ ವೇಳೆ. ಗಾಡಿ ಬರುತ್ತಿದ್ದುದು ಮೂರನೆಯ ನುಡಿಯ ಎರಡನೆಯ ಸಾಲಿಗೆ.

ಹುಡುಗಿ ಚೆನ್ನಾಗಿ ಕಲಿತಳು. ಒಂದು ತಿಂಗಳ ಮೇಲೆ ಗಣಪತಿ ಹಬ್ಬದ ಆರತಿಗೆಂದು ಪಕ್ಕದ ಮನೆಯ ಕಾಕೂ ಕರೆದರು. ಕಾಕೂ ಎಂದರೆ ನಮ್ಮ ಗೋಡೆಗೆ ಗೋಡೆ ಹತ್ತಿಸಿಕೊಂಡಿದ್ದ ಮನೆಯ ಮರಾಠಿ ಹೆಂಗಸು. ಎರಡೂ ಮನೆಯ ಹುಳಿ ಎರಡೂ ಮನೆಗೆ ಹೋಗುತ್ತಿತ್ತು. ಬೆಳಿಗ್ಗೆ ಹನ್ನೊಂದು ಗಂಟೆ. ನೆರೆದವರು ಇಪ್ಪತ್ತು ಜನ. ಹುಡುಗಿ ಒಂದನೆಯ ನುಡಿ ಹಾಡಿದಳು, ಎರಡನೆಯದು ಹಾಡಿದಳು. ಅಕ್ಕನ ಮುಖ ಅರಳಿತು. ಮೂರನೆಯ ನುಡಿಯ ಎರಡನೆಯ ಸಾಲಿಗೆ ಹುಡುಗಿ ಬಾಯಿ ಮುಚ್ಚಿದಳು.

ಮರೆತಳೆಂದು ಕಾಕೂ ಮೊದಲು ನೀರು ಕೊಟ್ಟರು, ಆಮೇಲೆ ಪ್ರಸಾದ ಕೊಟ್ಟರು. ಹುಡುಗಿ ಎರಡನ್ನೂ ಬೇಡವೆಂದು ಕೈ ಸನ್ನೆ ಮಾಡಿ, ತೊಡೆಯ ಮೇಲೆ ಬೆರಳು ಎಣಿಸುತ್ತ ಕೂತಳು. ಎರಡು ನಿಮಿಷವಾದ ಮೇಲೆ ನಿಂತಲ್ಲಿಂದಲೇ ಎತ್ತಿಕೊಂಡು ಸೊಗಸಾಗಿ ಮುಗಿಸಿದಳು.

"ಯಾಕ ನಿಂತಿ?" ಎಂದು ಮನೆಗೆ ಬಂದ ಮೇಲೆ ಕೇಳಿದೆ.

"ಅಲ್ಲಿ ಗಾಡಿ ಬರ್ತದಲ್ಲ ಮೌಶಿ."

"ಇವತ್ತ ಎಲ್ಲಿ ಗಾಡಿ ಇತ್ತು?"

"ಹಾಡಿನಾಗ ಐತಿ."

ಪೇಟೀ ಮಾಸ್ತರರಿಗೆ ಹೇಳಿದೆ. ಆ ಜಾಗ ಹಾರಿಸಿ ಹೇಳಿಕೊಡಿ ಎಂದೆ. ಅವರು ಯೋಚನೆ ಮಾಡಿ, "ಆಗೋದಿಲ್ಲ ಬಾಯಿ. ಈಗ ನನಗೂ ಅಲ್ಲಿ ಗಾಡಿ ಕೇಳಿಸುತ್ತದೆ," ಎಂದರು.

೪. ಕಾಲ ತಿಳಿಯದು

ಹಾಡೊಂದನ್ನೇ ನಂಬಿ ಕೂಡಬಾರದೆಂದು, ಕಲೆಯ ಬಗ್ಗೆ ಕಣ್ಣು ತೆರೆಸಲು ಇಬ್ಬರನ್ನೂ ಊರಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆ. ನಾಗಪುರದ ಜನ ಅದನ್ನು ಅಜಬ್ ಬಂಗ್ಲಾ ಎನ್ನುತ್ತಾರೆ. ಶಿಲ್ಪಗಳ ಮುಂದೆ ನಾನು ಒಂದು ಗಂಟೆ ಮಾತಾಡಿದೆ. ಮಕ್ಕಳು ಶಿಲ್ಪ ನೋಡಲಿಲ್ಲ, ಕೆಳಗಿನ ಚೀಟಿ ಓದಿದರು.

"ಎಲ್ಲದಕ್ಕೂ ಚೀಟಿ ಹಚ್ಯಾರ," ಎಂದಳು ದೊಡ್ಡಾಕಿ, ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ.

ನನಗೆ ಉಪಾಯ ಹೊಳೆಯಿತು. ಮನೆಯಲ್ಲೇ ಒಂದು ಅಜಬ್ ಬಂಗ್ಲಾ ಮಾಡಿರಿ, ಆದರೆ ಚೀಟಿಗಳೆಲ್ಲ ಕನ್ನಡದಲ್ಲಿರಬೇಕು ಎಂದೆ. ಕಲೆಯೂ ಆಯಿತು, ಅಕ್ಷರವೂ ಆಯಿತು. ಅಕ್ಕನೂ ನಾನೂ ಸಮಾಧಾನದಿಂದ ಮಧ್ಯಾಹ್ನ ಪೇಟೆಗೆ ಹೋದೆವು.

ಮರಳಿ ಬಂದಾಗ ಮನೆಯ ಮುಂದೆ ಓಣಿಯ ಮಕ್ಕಳ ಸಾಲು ನಿಂತಿತ್ತು. ಚಪ್ಪಲಿ ಹೊರಗೆ ಸಾಲಾಗಿ ಬಿಟ್ಟಿದ್ದವು. ಸಣ್ಣಾಕಿ ಬಾಗಿಲಲ್ಲಿ ನಿಂತು ಬಾಯಿಯ ಮೇಲೆ ಬೆರಳಿಟ್ಟುಕೊಂಡು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದಳು. ಒಳಗೆ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಗೆ, ಲಟ್ಟಣಿಗೆಗೆ, ನನ್ನ ರಂಗೂನಿನ ಛತ್ರಿಗೆ ಚೀಟಿ. ಅಕ್ಷರವೆಲ್ಲ ಕನ್ನಡವೇ, ಆದರೆ ಸಾಲೆಯ ಮರಾಠಿಯ ರೂಢಿಗೆ ಪ್ರತಿ ಶಬ್ದದ ತಲೆಯ ಮೇಲೂ ದೊಡ್ಡಾಕಿ ಉದ್ದ ಗೆರೆ ಎಳೆದಿದ್ದಳು. ಕನ್ನಡವನ್ನು ಒಗೆದು ಹಗ್ಗಕ್ಕೆ ಒಣಹಾಕಿದಂತಿತ್ತು.

ಒಳಕೋಣೆಯಲ್ಲಿ ಭಾವನವರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ಹನ್ನೊಂದು ಮಕ್ಕಳು ಕೈ ಹಿಂದೆ ಕಟ್ಟಿಕೊಂಡು ಮಂಚದ ಸುತ್ತ ನಿಂತಿದ್ದರು. ದಿಂಬಿಗೆ ಟಾಚಣಿಯಿಂದ ಚುಚ್ಚಿದ ಚೀಟಿಯಲ್ಲಿ ಹೀಗಿತ್ತು: 'ಗಾರ್ಡ. ಅಜನಿಯಲ್ಲಿ ಸಿಕ್ಕಿದ್ದು. ಕಾಲ ತಿಳಿಯದು. ಮುಟ್ಟಬಾರದು.'

ಅಷ್ಟರಲ್ಲಿ ಭಾವನವರು ಮಗ್ಗುಲಾದರು. ಕಾಕೂನ ಮಗಳು ಹಿಂದೆ ಸರಿದು, "ಇದು ಅಸಲಿ ಅಲ್ಲ, ಅಲುಗಾಡ್ತದ" ಎಂದಳು.

೫. ವನವಾಸಕ್ಕೆ ಲೈನ್ ಕ್ಲಿಯರ್

ಮೂರನೆಯ ಪ್ರಯತ್ನ ನಾಟಕ. ಹಾಸಿಗೆಯ ಚಾದರ ಕಟ್ಟಿ ರಾಮ ವನವಾಸಕ್ಕೆ ಹೋಗುವ ಭಾಗವನ್ನು ಮನೆಯಲ್ಲೇ ಆಡಿಸಿದೆ. ದೊಡ್ಡಾಕಿ ರಾಮ, ಸಣ್ಣಾಕಿ ಸೀತೆ, ಭಾವನವರು ಅಂದು ರಜೆಯಿದ್ದದ್ದರಿಂದ ದಶರಥ.

ಮಾತುಗಳನ್ನೆಲ್ಲ ಕನ್ನಡದಲ್ಲೇ ಚೆನ್ನಾಗಿ ಹೇಳಿದರು. ರಾಮ ತಂದೆಗೆ ನಮಸ್ಕಾರ ಮಾಡಿ, ಸೀತೆಯ ಕೈ ಹಿಡಿದು ಚಾದರದ ಅಂಚಿಗೆ ಬಂದು ನಿಂತ. ಮುಂದೆ ಹೋಗಲಿಲ್ಲ.

"ಹೋಗ್ರಿ," ಎಂದೆ ನಾನು ಒಳಗಿನಿಂದ.

"ಅಪ್ಪಾ ನಿಶಾನಿ ತೋರಿಸಿಲ್ಲ," ಎಂದ ರಾಮ.

ನೋಡಿದರೆ ದಶರಥ ಮಗನ ಅಗಲಿಕೆಗೆ ನಿಜವಾಗಿಯೇ ಕಣ್ಣೀರು ಹಾಕುತ್ತ ಕೂತಿದ್ದ. ಧಾರವಾಡದ ಯೋಚನೆ ಬಂದಿರಬೇಕು. ಮಕ್ಕಳ ಅನುಭವದಲ್ಲಿ ಅಪ್ಪ ಹಸಿರು ನಿಶಾನಿ ಬೀಸದೆ ಲೋಕದಲ್ಲಿ ಯಾವುದೂ ಹೊರಟದ್ದಿಲ್ಲ. ಕೊನೆಗೆ ಭಾವನವರು ಎದ್ದು, ಗೂಟದಲ್ಲಿದ್ದ ಚೀಲದಿಂದ ಹಸಿರು ಬಟ್ಟೆ ತೆಗೆದು ಬೀಸಿ, ಸೀಟಿ ಊದಿದರು. ರಾಮ ಸೀತೆಯರು ವನವಾಸಕ್ಕೆ ಹೊರಟರು.

ದಶರಥ ಗಡಿಯಾರ ನೋಡಿ, "ಏಳು ಮಿನಿಟು ಲೇಟು" ಎಂದು ಕಣ್ಣೊರೆಸಿಕೊಂಡ.

೬. ಡಬ್ಬಿ

ಮಾಸ್ತರರು ದಸರಾದ ಹಿಂದಿನ ದಿನ ಬಂದಿಳಿದರು. ಒಂದು ಕಬ್ಬಿಣದ ಟ್ರಂಕು, ಒಂದು ಛತ್ರಿ, ಕಚ್ಚೆ ಪಂಚೆ. ದಸರಾ ದಿನ ಬನ್ನಿ ಕೊಟ್ಟು ಎಲ್ಲರನ್ನೂ ಹರಸಿದರು. ಪರೀಕ್ಷೆ ಮಾರನೆಯ ದಿನ ಎಂದರು.

ನಾನು ಸಮಯ ಗೊತ್ತು ಮಾಡಿದೆ. ನಾಲ್ಕೂವರೆಗೆ ಪಾಠ ಶುರುವಾದರೆ ಮೂರನೆಯ ನುಡಿಗೆ ನಿಜವಾದ ಗಾಡಿಯೇ ಬಂದು ಹುಡುಗಿಯ ಮಾನ ಕಾಯುತ್ತದೆ. ಪೇಟೀ ಮಾಸ್ತರರು ಇದನ್ನು ಕೇಳಿ ನನ್ನ ಬುದ್ಧಿಗೆ ಕೈ ಮುಗಿದರು. ಎಂದಿನಂತೆ ಸಾಧನೆ ಮಾಡಿಸಿ ವೇಳೆ ಸರಿಹೊಂದಿಸಿದರು, ಹುಡುಗಿ ಹಾಡಿದಳು. ಮೂರನೆಯ ನುಡಿ, ಎರಡನೆಯ ಸಾಲು. ನಿಂತಳು. ಪೇಟೀ ಮಾಸ್ತರರು ಕೈ ಎತ್ತಿದರು.

ಗಾಡಿ ಬರಲಿಲ್ಲ. ಹಬ್ಬದ ಗದ್ದಲಕ್ಕೆ ಅಂದು ತಡವಾಗಿತ್ತು.

ಎರಡು ನಿಮಿಷ ಅಜ್ಜ ಮೊಮ್ಮಗಳ ಮುಖವನ್ನೂ ಪೇಟೀ ಮಾಸ್ತರರ ಬೆರಳುಗಳನ್ನೂ ನೋಡುತ್ತ ಕೂತರು. "ಮುಗೀತೇನು?" ಎಂದರು. ಹುಡುಗಿ ತಡೆಯಿರಿ ಎಂದು ಕೈ ಸನ್ನೆ ಮಾಡಿದಳು. ಲೆಕ್ಕ ಮುಗಿಸಿ ಮತ್ತೆ ಎತ್ತಿಕೊಂಡ ಕ್ಷಣಕ್ಕೆ ಸರಿಯಾಗಿ ಗಾಡಿ ಬಂತು. ಆಕೆ ಕೊನೆಯ ತನಕ ಹಾಡಿದಳು. ಬಾಯಿ ಆಡುವುದು ಮಾತ್ರ ಕಂಡಿತು. ಗಾಡಿಯೂ ಹಾಡೂ ಒಟ್ಟಿಗೆ ಮುಗಿದವು.

ಮಾಸ್ತರರು ಅಕ್ಕನ ಕಡೆ ತಿರುಗಿ ನೋಡಿದರು. "ಬಾಯಷ್ಟ ಆಡಸೋದು ಈ ಮನಿಯ ರೂಢಿ ಏನವ್ವಾ?" ಎಂದರು. ಅಕ್ಕ ಬೆವರಿದಳು. "ಕೂಸಿನ ಬಟ್ಟಿ ನನ್ನ ಟ್ರಂಕಿನಾಗ ತುಂಬ್ರಿ. ನಾಳೆ ಗಾಡಿಗೆ ಹೋಗೂಣು."

ಭಾವನವರು ಹೊರಗೆ ಹೋಗಿ ನಿಂತರು. ಅಕ್ಕ ಅಡುಗೆಮನೆಗೆ ಹೋಗಿ ಒಲೆ ಹಚ್ಚದೆ ಅದರ ಮುಂದೆ ಕೂತಳು. ದೊಡ್ಡಾಕಿ ಅಜ್ಜನ ಕೈಯಿಂದ ಬೀಗದ ಕೈ ಇಸಿದುಕೊಂಡು ಒಳಕೋಣೆಗೆ ಹೋದಳು, ಬಟ್ಟೆ ತುಂಬಲು. ಅಷ್ಟು ವಿಧೇಯಳಾದದ್ದು ನನಗೆ ಸರಿಕಾಣಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಓಣಿಯ ಹುಡುಗಿಯರ ಹಿಂಡು ಒಳಗೆ ನುಗ್ಗಿತು. ನಾಗಪುರದ ಕಡೆ ಭಾದ್ರಪದದ ಹುಣ್ಣಿಮೆಯಿಂದ ಶೀಗಿ ಹುಣ್ಣಿಮೆಯ ತನಕ ಹುಡುಗಿಯರು ಭುಲಾಬಾಯಿ ಎಂಬ ಮಣ್ಣಿನ ಗೊಂಬೆ ಕೂಡಿಸಿ ದಿನಕ್ಕೊಂದು ಮನೆಯಲ್ಲಿ ಹಾಡುತ್ತಾರೆ. ಹಾಡು ಮುಗಿದ ಮೇಲೆ ಆ ಮನೆಯವರು ಮುಚ್ಚಿದ ಡಬ್ಬಿಯಲ್ಲಿ ತಿಂಡಿ ತರಬೇಕು. ಒಳಗೇನಿದೆ ಎಂದು ಊಹಿಸಿದರೆ ತಿನ್ನಬಹುದು. ಅಂದು ನಮ್ಮ ಮನೆಯ ಪಾಳಿ ಎಂಬುದು ನಮಗೆಲ್ಲ ಮರೆತೇ ಹೋಗಿತ್ತು. ಎರಡು ತಿಂಗಳು ಸಂಸ್ಕೃತಿ ಕಲಿಸುವ ಗಡಿಬಿಡಿಯಲ್ಲಿ, ಆ ಸಂಸ್ಕೃತಿಯೇ ದಿನವೂ ಸಂಜೆ ಬಾಗಿಲಲ್ಲಿ ಗಲಾಟೆ ಮಾಡುತ್ತಿದ್ದುದನ್ನು ನಾನು ಎರಡು ಸಲ ಗದರಿ ಕಳಿಸಿದ್ದೆ.

ಹುಡುಗಿಯರು ಮರಾಠಿಯಲ್ಲಿ ಹಾಡಿದರು. ಅಜ್ಜ ಮುಖ ಸಿಂಡರಿಸಿದರು. ಆಗ ದೊಡ್ಡಾಕಿ ಹಿತ್ತಾಳೆಯ ಡಬ್ಬಿ ಹಿಡಿದು ಒಳಗಿನಿಂದ ಬಂದಳು. ಅಜ್ಜನ ಮುಂದೆ ನಿಂತು, ಅದೇ ಧಾಟಿಯಲ್ಲಿ, ಆಗಲೇ ಕಟ್ಟಿದ ಹಾಡು ಶುರು ಮಾಡಿದಳು:

ಅಜ್ಜ ಬಂದಾನ ನೋಡ್ರಿ, ಛತ್ರಿ ತಂದಾನ ನೋಡ್ರಿ,
ಮಳಿಯಿಲ್ಲದ ಊರಾಗ ಛತ್ರಿ ಯಾಕ ಅಜ್ಜಾ?
ಟ್ರಂಕು ತಂದಾನ ನೋಡ್ರಿ, ಬೀಗ ಜಡದಾನ ನೋಡ್ರಿ,
ಮೊಮ್ಮಗಳನ್ನ ಒಳಗಿಟ್ಟರ ಉಸರು ಹ್ಯಾಂಗ ಅಜ್ಜಾ?

ಹತ್ತು ಮರಾಠಿ ಹುಡುಗಿಯರು ಒಂದಕ್ಷರದ ಅರ್ಥ ತಿಳಿಯದೆ, ಚಪ್ಪಾಳೆ ತಟ್ಟಿ, "ಯಾಕ ಅಜ್ಜಾ, ಹ್ಯಾಂಗ ಅಜ್ಜಾ" ಎಂದು ಒಕ್ಕೊರಲಿನಿಂದ ಕೇಳಿದರು. ಬಾಗಿಲಿಗೆ ಬಂದಿದ್ದ ಕಾಕೂ ಕೂಡ ಕೇಳಿದರು. ಈ ಸಲ ಹುಡುಗಿ ಎಲ್ಲಿಯೂ ನಿಲ್ಲಲಿಲ್ಲ. ಈ ಹಾಡಿನಲ್ಲಿ ಗಾಡಿ ಇರಲಿಲ್ಲ.

ಮಾಸ್ತರರ ಮುಖ ಕಲ್ಲಾಗಿತ್ತು. "ಇದನ್ನ ಯಾರು ಕಲಿಸಿದ್ರು?"

ಎಲ್ಲರೂ ನನ್ನನ್ನು ನೋಡಿದರು. ಜೀವನದಲ್ಲಿ ಮೊದಲ ಸಲ ನಾನು ನಿರಪರಾಧಿಯಾಗಿದ್ದೆ.

"ಯಾರೂ ಕಲಿಸಿಲ್ಲ," ಎಂದಳು ದೊಡ್ಡಾಕಿ. "ಅಜ್ಜಾ, ಡಬ್ಬ್ಯಾಗ ಏನೈತಿ ಹೇಳ್ರಿ. ಮೂರು ಸಲ. ಬರೋಬರ್ ಹೇಳಿದ್ರ ನಾ ಧಾರವಾಡಕ್ಕ ಬರ್ತೀನಿ, ಅಳೂದಿಲ್ಲ. ತಪ್ಪಿದ್ರ ಇಲ್ಲೇ ಇರ್ತೀನಿ."

ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಮನುಷ್ಯ. ಅವರಿಗೆ ಯಾರೂ ಪ್ರಶ್ನೆ ಕೇಳಿರಲಿಲ್ಲ. ಬಿಡಲಾಗಲಿಲ್ಲ. ಕನ್ನಡಕ ಏರಿಸಿ ಡಬ್ಬಿ ಕೈಗೆ ತೆಗೆದುಕೊಂಡು ಅಲುಗಾಡಿಸಿದರು.

"ಸಪ್ಪಳ ಬರವಲ್ದು. ಚುರಮುರಿ ಅಲ್ಲ, ಚಕ್ಕುಲಿ ಅಲ್ಲ. ಹಬ್ಬದ ಮರುದಿನ... ಹೋಳಿಗಿ."

"ತಪ್ಪು," ಎಂದಳು ಸಣ್ಣಾಕಿ, ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತ.

ಮಾಸ್ತರರು ಮುಚ್ಚಳದ ಅಂಚಿಗೆ ಮೂಗು ಹಿಡಿದರು. ಕಣ್ಣು ಮುಚ್ಚಿದರು. "ಖವಾ ಐತಿ. ನಾಗಪುರದಾಗ ಸಂತ್ರೆ ಹಣ್ಣಿನ ಬರ್ಫಿ ಮಾಡ್ತಾರಂತ ಕೇಳೀನಿ. ಬರ್ಫಿ."

"ತಪ್ಪು." ಎರಡನೆಯ ಗೆರೆ.

ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ತಾನು ಏನೂ ಮಾಡಿಲ್ಲದಿರುವಾಗ ಡಬ್ಬಿಯಲ್ಲೇನಿದೆ ಎಂದು ಆಕೆಗೂ ತಿಳಿಯದು. ಭಾವನವರು ಕಿಟಕಿಯಿಂದ ಇಣುಕುತ್ತಿದ್ದರು. ಮಾಸ್ತರರು ಮತ್ತೊಮ್ಮೆ ಮೂಸಿದರು.

"ವಾಸನಿ ಏನೋ ಧಾರವಾಡ ಪೇಡೇದ್ದು ಬರ್ತದ," ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ದೊಡ್ಡಾಕಿ ಮುಚ್ಚಳದ ಮೇಲೆ ಕೈ ಇಟ್ಟಳು. ಮಾಸ್ತರರು ತಲೆ ಅಲ್ಲಾಡಿಸಿದರು. "ಆದ್ರ ಅದು ಇಲ್ಲಿ ಎಲ್ಲಿ ಸಿಗಬೇಕು? ಗುಲಾಬಜಾಮೂನ. ಇದು ಖಚಿತ."

ದೊಡ್ಡಾಕಿ ಮುಚ್ಚಳ ತೆಗೆದಳು. ಡಬ್ಬಿಯ ತುಂಬ ಧಾರವಾಡದ ಪೇಡೆ.

ಮಗನ ಮೇಲಿನ ಸಾಹೇಬರಿಗೆ ಕೊಡಬೇಕೆಂದು ಮಾಸ್ತರರು ಟ್ರಂಕಿನ ತಳದಲ್ಲಿ, ಪಂಚೆಯಲ್ಲಿ ಸುತ್ತಿ, ಯಾರಿಗೂ ಹೇಳದೆ ತಂದದ್ದು.

"ಇದು ಕಳುವು," ಎಂದರು ಮಾಸ್ತರರು.

"ಟ್ರಂಕು ತಗದು ಬಟ್ಟಿ ತುಂಬು ಅಂದವರು ನೀವ ಅಲ್ಲೇನು ಅಜ್ಜಾ? ಜಾಗ ಇರಲಿಲ್ಲ. ಒಂದು ಹೊರಗ ತಗದೆ."

ಓಣಿಯ ಮಕ್ಕಳು ಡಬ್ಬಿಯನ್ನೇ ನೋಡುತ್ತಿದ್ದರು. ಮಾಸ್ತರರು ಒಂದು ಪೇಡೆ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದರು, ಪ್ರಶ್ನೆಪತ್ರಿಕೆಯಲ್ಲಿ ತಪ್ಪಿದೆಯೇ ಎಂದು ನೋಡುವಂತೆ. ತಪ್ಪಿರಲಿಲ್ಲ.

"ಧಾರವಾಡದಾಗ ನನಗ ಹತ್ತು ಮಂದಿ ಮೊಮ್ಮಕ್ಕಳದಾವ," ಎಂದರು. "ಎಲ್ಲಾ ಹಾಡು ಬರ್ತಾವ. ಒಂದರ ನನ್ನ ಮಾರಿ ಮುಂದ ನಿಂತು ನನ್ನ ಛತ್ರಿ ಮ್ಯಾಲ ಹಾಡು ಕಟ್ಟಿಲ್ಲ. ಇರಲಿ. ಮಾತು ಕೊಟ್ಟೀನಿ. ಕೂಸು ಇಲ್ಲೇ ಇರಲಿ."

ಅಕ್ಕ ಹೋಗಿ ಒಲೆ ಹಚ್ಚಿದಳು. ಹೊರಗೆ ಭಾವನವರು ಸೀಟಿ ಊದಿದಂತೆ ಕೇಳಿತು. ಅವರು ಇಂದಿಗೂ ಒಪ್ಪುವುದಿಲ್ಲ.

ಎಲ್ಲ ಮುಗಿಯಿತೆಂದು ನಾನು ಎದ್ದೆ. ದೊಡ್ಡಾಕಿ ಸೆರಗು ಹಿಡಿದಳು. "ಮೌಶಿ, ನಾ ಎರಡು ಹಾಡಿದೆ. ನೀ ಒಂದು." ಸಣ್ಣಾಕಿ ಗೋಡೆಯ ಮೇಲಿನ ಎರಡು ತಿಂಗಳ ಹಿಂದಿನ ಗೆರೆ ತೋರಿಸಿದಳು.

"ನಾಳೆ ಹಾಡ್ತೀನಿ," ಎಂದೆ. ನಾಳೆ ಎನ್ನುತ್ತಲೇ ಹಡಗು ಹತ್ತಿದ ಅನುಭವ ನನಗಿತ್ತು.

"ಹೊಸಾ ಹಾಡು ಬ್ಯಾಡ," ಎಂದರು ಮಾಸ್ತರರು, ಎರಡನೆಯ ಪೇಡೆ ತೆಗೆದುಕೊಳ್ಳುತ್ತ. "ಹಳೇದು ಅರ್ಧ ಉಳದೈತಿ. ಹದಿನೈದು ವರ್ಷ ಆತು."

ಓಣಿಯ ಮಕ್ಕಳು ಡಬ್ಬಿಗೆ ಕೈ ಹಾಕಿದರು.

"ನಿಮಗ... ಗೊತ್ತಿತ್ತೇನ್ರಿ?" ಎಂದೆ.

"ಪರದೆ ಗೇಣುದ್ದ ಗಿಡ್ಡಿತ್ತಲ್ಲವ್ವಾ. ಕೆಳಗ ಕಾಲ್ಬೆರಳು ತಾಳ ಹಾಕತಿದ್ವು. ಆಮ್ಯಾಲ ಕಾಲು ಓಡಿ ಹೋದ್ವು."

"ಮತ್ತ ಪಸಂದ ಅಂದ್ರಲ್ರಿ?"

"ಹಾಡು ನಿಂತ ಮ್ಯಾಲೂ ಬಾಯಿ ನಿಲ್ಲಸದ ಹುಡುಗಿ. ಹಿಡದ ಕೆಲಸ ಬಿಡಾಕಿ ಅಲ್ಲ ಅಂದಕೊಂಡೆ. ಹಾಡು, ಕೂಡು."

ಕಣ್ಣು ಅಭ್ಯಾಸಬಲದಿಂದ ಹಿಂಬಾಗಿಲು ಹುಡುಕಿತು. ಅಲ್ಲಿ ಹತ್ತು ಹುಡುಗಿಯರು ಪೇಡೆ ಹಿಡಿದು ಕೂತಿದ್ದರು. ದವಾಖಾನೆಯಿಂದ ಗುಣವಾಗಿ ಬಂದಿದ್ದ ತಂಬೂರಿಯನ್ನು ಸಣ್ಣಾಕಿ ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಹದಿನೈದು ವರ್ಷದ ಹಿಂದೆ ಬಿಟ್ಟ ಸಾಲು ಎಲ್ಲಿತ್ತೋ ಅಲ್ಲಿಯೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಎತ್ತಿಕೊಂಡೆ. ಪರದೆ ಇಲ್ಲದೆ, ಎಲ್ಲರ ಮುಂದೆ, ಕೊನೆಯ ಸಾಲಿನ ತನಕ ಹಾಡಿದೆ. ಧ್ವನಿ ಹೇಗಿತ್ತೆಂದು ನಾನು ಹೇಳಬಾರದು. ಕಾಕೂ ಮತ್ತೊಮ್ಮೆ ನೀರು ತಂದರು.

ಮುಗಿಸಿ ತಲೆಯೆತ್ತಿದರೆ ಮಾಸ್ತರರು ನನ್ನನ್ನು ನೋಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತ ಅಕ್ಕನನ್ನು ನೋಡುತ್ತಿದ್ದರು. ಆಕೆಯ ತುಟಿಗಳು ಇನ್ನೂ ಆಡುತ್ತಿದ್ದವು.

"ಸಾಕವ್ವಾ," ಎಂದರು ಮಾಸ್ತರರು. "ನಿನ್ನ ಲಗ್ನ ಆಗ್ಯಾದ."